ಎಡಗಡೆಯ ಬಾಗಿಲು

ಇದು ನಮ್ಮ ಬೀದಿಯ ಗ್ಲೆನಿಸ್ ಟ್ಯಾಂಬ್ಲಿನ್‌ಗೆ ಆದದ್ದು. ಅವಳ ಮನೆ ಹನ್ನೊಂದನೇ ನಂಬರು, ನಮ್ಮದು ಹದಿನಾಲ್ಕು. ಯಾರೋ ಯಾರಿಗೋ ಹೇಳಿದ್ದನ್ನ ಕೇಳಿಕೊಂಡು ಬಂದು ಹೇಳ್ತಿಲ್ಲ. ಅವಳ ಬಾಯಿಂದಲೇ ಕೇಳಿದ್ದು. ಕೊನೇದೊಂದು ಮಾತ್ರ ನಾನೇ ಕಣ್ಣಾರೆ ಕಂಡದ್ದು.

ಜೂನ್ ತಿಂಗಳು, ಮಂಗಳವಾರ. ರಾತ್ರಿ ಒಂಬತ್ತೂವರೆ ಇರಬಹುದು. ಗ್ಲೆನಿಸ್ ಸ್ಕೌಟ್ ಹಾಲ್ ಕಟ್ಟಡದಿಂದ ಮನೆ ಕಡೆ ನಡೆದು ಬರುತ್ತಿದ್ದಳು. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ. ಡಬ್ಬದೊಳಗೆ ಅವಳ ಗಂಡ ಲೈಲ್ ಅರ್ಧಕ್ಕೆ ಬಿಟ್ಟುಹೋದ ಆಟಿಕೆ ಕಾರು... ಆಟಿಕೆ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಮಾದರಿ ಅನ್ನಬೇಕು. ನಿಜವಾದ ಗಾಡಿಯನ್ನ ಇಪ್ಪತ್ನಾಲ್ಕು ಪಾಲು ಕುಗ್ಗಿಸಿದರೆ ಎಷ್ಟಾಗುತ್ತೋ ಅಷ್ಟು. ಗೇಣುದ್ದ.

ಅಡಿಲೇಡಿನ ಹತ್ತಿರದ ನಮ್ಮೂರು ಎಲಿಜಬೆತ್‌ನ ಕಾರು ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ದುಡಿದ ಹತ್ತು ಹನ್ನೆರಡು ಜನ ಪ್ರತಿ ಮಂಗಳವಾರ ಆ ಹಾಲಿನಲ್ಲಿ ಸೇರುತ್ತಿದ್ದರು. ಕೈ ಸುಮ್ಮನಿರಲ್ಲವಲ್ಲ. ಹಳೇ ಕಾರುಗಳ ಕಿಟ್, ಅಂದರೆ ಬಿಡಿ ಭಾಗಗಳ ಡಬ್ಬ, ತಂದು ಕತ್ತರಿಸಿ, ಅಂಟಿಸಿ, ಬಣ್ಣ ಹೊಡೆದು, ತಾವೇ ಒಂದು ಕಾಲದಲ್ಲಿ ನಿಜವಾಗಿ ಕಟ್ಟಿದ ಗಾಡಿಗಳನ್ನ ಈಗ ಗೇಣುದ್ದಕ್ಕೆ ಕಟ್ಟುತ್ತಿದ್ದರು. ಲೈಲ್ ಅವರಲ್ಲಿ ಒಬ್ಬ. ಮಾರ್ಚ್‌ನಲ್ಲಿ ತೀರಿಕೊಂಡ. ಶ್ವಾಸಕೋಶ. ಹದಿನಾರನೇ ವಯಸ್ಸಿಗೆ ಹಿಡಿದ ಸಿಗರೇಟು ಕೊನೆಗೆ ಅವನನ್ನೇ ಹಿಡಿದುಕೊಂಡಿತ್ತು.

ಗ್ಲೆನಿಸ್ ಆವತ್ತು ಹಾಲಿಗೆ ಹೋದದ್ದು ಆ ಡಬ್ಬವನ್ನ ಯಾರಿಗಾದರೂ ಕೊಟ್ಟುಬಿಡೋಕೆ. ಬ್ರೂನೋ ಫಜ್ಜಾರಿ ಮುಚ್ಚಳ ತೆಗೆದು ನೋಡಿದ. ಅವನು ಬಣ್ಣದ ವಿಭಾಗದಲ್ಲಿದ್ದವನು, ಲೈಲ್‌ನ ಜೊತೆ ಮೂವತ್ತು ವರ್ಷ ಬುತ್ತಿ ಹಂಚಿಕೊಂಡು ತಿಂದವನು. ಬಹಳ ಹೊತ್ತು ನೋಡಿ ಮತ್ತೆ ಮುಚ್ಚಿ ಅವಳ ಕಡೆಗೇ ತಳ್ಳಿದ.

"ಇದನ್ನ ಯಾರಿಗೂ ಕೊಡಕ್ಕಾಗಲ್ಲ ಗ್ಲೆನ್. ಇದು ನಿಮ್ಮನೆ ಗಾಡಿ. ನೀನೇ ಮುಗ್ಸು, ನಾನು ಹೇಳ್ಕೊಡ್ತೀನಿ."

ತನಗೆ ಒಂದು ಗುಂಡಿ ಹೊಲಿಯೋಕೂ ಕನ್ನಡಕ ಬೇಕು ಅಂತ ಅವಳು ಗೊಣಗಿದಳು. ಬ್ರೂನೋ ಕೇಳಲಿಲ್ಲ. ಹಾಗಾಗಿ ಡಬ್ಬ ಹೋದ ಹಾಗೇ ವಾಪಸ್ ಬರುತ್ತಿತ್ತು.

ಹಾಲಿನಿಂದ ನಮ್ಮ ಬೀದಿಗೆ ಬರಬೇಕಾದರೆ ಒಣ ತೊರೆ ದಾಟಬೇಕು. ಅಲ್ಲಿ ಬೀದಿ ದೀಪ ಇಲ್ಲ. ಕಾಲುಸೇತುವೆಯ ಈ ಕಡೆ ಒಂದು ಹಳೇ ನೀಲಗಿರಿ ಮರ ಇದೆ, ಊರಿಗಿಂತ ಹಳೇದು. ಬುಡ ಸೀಳಿ ಇಬ್ಬರು ನಿಲ್ಲುವಷ್ಟು ಪೊಟರೆಯಾಗಿದೆ. ಗಾಳಿ ಇರಲಿಲ್ಲ. ಎಲೆ ಅಲುಗಾಡುತ್ತಿರಲಿಲ್ಲ. ಅವಳು ಹೆಜ್ಜೆ ಇಟ್ಟಂತೆಲ್ಲ ಡಬ್ಬದೊಳಗಿನ ಬಿಡಿ ಭಾಗಗಳು ಚಿಳ್... ಚಿಳ್... ಅನ್ನುತ್ತಿದ್ದವು.

ಮರದ ಕೆಳಗೆ ಕೈ ಸೋತು ಅವಳು ನಿಂತಳು. ಚಿಳ್ ಅನ್ನೋದು ನಿಂತಿತು.

ಆಮೇಲೆ ಕೇಳಿಸಿತು.

ಸರ್... ಸರ್... ಸರ್...

ಆಮೇಲೆ... ಫೂ.

ಉಪ್ಪುಕಾಗದ ಉಜ್ಜುವ ಸದ್ದು. ಮೂರು ಸಲ ಉಜ್ಜಿ, ಒಂದು ಸಲ ಊದಿ ಪುಡಿ ಹಾರಿಸೋದು. ನಲವತ್ತೆರಡು ವರ್ಷ, ಲೈಲ್ ಹಿತ್ತಲಿನ ಶೆಡ್ಡಿನಲ್ಲಿ ಏನನ್ನಾದರೂ ಉಜ್ಜುವಾಗಲೆಲ್ಲ, ಅಡುಗೆಮನೆ ಕಿಟಕಿಯಿಂದ ಅವಳು ಕೇಳಿದ ಸದ್ದು ಅದು. ಗಂಡನ ಗೊರಕೆ ಗುರುತು ಹಿಡಿದ ಹಾಗೆ ಅದನ್ನೂ ಹಿಡಿಯಬಲ್ಲಳು. ಸದ್ದು ಮರದಿಂದ ಬರಲಿಲ್ಲ. ತೊರೆಯಿಂದಲೂ ಅಲ್ಲ. ಅವಳ ಕಂಕುಳಿನಿಂದ ಬರುತ್ತಿತ್ತು.

"ಲೈಲ್...?" ಅಂದಳಂತೆ. ಪಿಸುಮಾತಿನಲ್ಲಿ.

ಡಬ್ಬವನ್ನ ಎದೆಗೆ ಒತ್ತಿಕೊಂಡು, ಹಿಂದೆ ತಿರುಗದೆ ಮನೆ ಸೇರಿದಳು. ನೇರ ಹಿತ್ತಲಿನ ಶೆಡ್ಡಿಗೆ ಹೋಗಿ ಲೈಲ್‌ನ ಮೇಜಿನ ಮೇಲೆ ಡಬ್ಬ ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನ ಅಡುಗೆಮನೆ ಮೊಳೆಗೆ ನೇತುಹಾಕಿದಳು. ಮಾಡಿಕೊಂಡ ಟೀ ಕುಡಿಯಲಿಲ್ಲ.

ಆ ಗಾಡಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ.

ಮದುವೆಗೆ ಮೊದಲು ಲೈಲ್ ಅದೇ ಕಾರ್ಖಾನೆಯಲ್ಲಿ ಕಟ್ಟಿದ ಒಂದು ಹಳೇ ಹೋಲ್ಡನ್ ವ್ಯಾನು ಕೊಂಡಿದ್ದ. ಮುಂದೆ ಎರಡೇ ಸೀಟು, ಹಿಂದೆ ಕಿಟಕಿಯಿಲ್ಲದ ಉದ್ದ ಬೆನ್ನು. ಸಾಸಿವೆ ಹೂವಿನ ಹಳದಿ. ಮದುವೆಯಾದ ವಾರಕ್ಕೆ ಹಿಂದೆ ಹಾಸಿಗೆ ಹಾಕಿಕೊಂಡು ಇಬ್ಬರೂ ಪಶ್ಚಿಮದ ಸ್ಟ್ರೀಕಿ ಕೊಲ್ಲಿಯವರೆಗೆ ಹೋದರು. ಹದಿನೇಳು ದಿನ ಅದರಲ್ಲೇ ಮಲಗಿದರು, ಹಿಂಬಾಗಿಲಿನಿಂದ ಕಾಲು ಹೊರಗೆ ಚಾಚಿಕೊಂಡು. ಆ ವ್ಯಾನಿನ ಎಡಗಡೆ ಬಾಗಿಲು, ಅಂದರೆ ಅವಳು ಕೂರುವ ಕಡೆಯದು, ಒಂದೇ ಸಲಕ್ಕೆ ಹಾಕಿಕೊಳ್ಳುತ್ತಿರಲಿಲ್ಲ. ಪ್ರತಿ ಸಲ ಲೈಲ್ ಇಳಿದು, ಸುತ್ತಿ ಬಂದು, ತುಸು ಎತ್ತಿ ಸೊಂಟದಿಂದ ಒತ್ತಿ ಹಾಕಬೇಕು. ಕಾರ್ಖಾನೆಯಲ್ಲಿ ಅವನ ಕೆಲಸವೇ ಬಾಗಿಲು ಕೂರಿಸೋದು. ದೇಶಕ್ಕೆಲ್ಲ ಬಾಗಿಲು ಕೂರಿಸ್ತಾನೆ, ಹೆಂಡತಿ ಬಾಗಿಲು ಮಾತ್ರ ನೇತಾಡ್ತಿದೆ ಅಂತ ಬ್ರೂನೋ ಆಡಿಕೊಳ್ಳದ ದಿನ ಇರಲಿಲ್ಲವಂತೆ.

ಐದು ವರ್ಷ ಆದಮೇಲೆ ವ್ಯಾನು ಮಾರಿದರು. ಮಕ್ಕಳಾದರೆ ಹಿಂದಿನ ಸೀಟು ಬೇಕಲ್ಲ ಅಂತ. ಹಿಂದಿನ ಸೀಟಿರುವ ಕಾರು ಬಂತು. ಅದರಲ್ಲಿ ಕೂರೋಕೆ ಯಾರೂ ಬರಲಿಲ್ಲ.

ಆ ವಿಷಯ ಇಬ್ಬರೂ ಆಡುತ್ತಿರಲಿಲ್ಲ. ಕಾಯಿಲೆ ಜೋರಾದ ಮೇಲೆ ಲೈಲ್ ಒಂದು ದಿನ ಸಾಮಾನ್ಯ ಕಾರಿನ ಕಿಟ್ ತರಿಸಿ, ಅದರ ಮಾಡು, ಅಂದರೆ ಮೇಲ್ಛಾವಣಿ, ಗರಗಸದಲ್ಲಿ ಕೊಯ್ದು, ಪ್ಲಾಸ್ಟಿಕ್ ಹಾಳೆಯಲ್ಲಿ ಹಿಂದಿನ ಬೆನ್ನು ಕಟ್ಟೋಕೆ ಶುರುಮಾಡಿದ. ಏನದು ಅಂತ ಅವಳು ಕೇಳಿದಳು. ನೋಡ್ತಿರು ಅಂದ. ಬೆನ್ನು ಕಟ್ಟಿ, ಬೂದು ಬಣ್ಣದ ಮೊದಲ ಕೋಟು ಹೊಡೆದು, ಬಾಗಿಲು ತೆಗೆದು ಹಾಕುವ ಹಾಗೆ ಸೂಜಿ ಮೊನೆಯಷ್ಟು ಕೀಲು ಮಾಡಿ ಬಲಗಡೆ ಬಾಗಿಲು ಕೂರಿಸಿದ. ಎಡಗಡೆಯದು ಕೂರಿಸುವಷ್ಟರಲ್ಲಿ ಆಸ್ಪತ್ರೆಗೆ ಹೋದ. ವಾಪಸ್ ಬರಲಿಲ್ಲ.

ಶನಿವಾರ ಬ್ರೂನೋ ಬಂದ. ಹೆಂಡತಿ ಮಾಡಿದ ಬಿಸ್ಕತ್ತು ತಂದಿದ್ದ. ಅಂಟು ಹೇಗೆ ಹಚ್ಚೋದು, ಚಿಮಟ ಹೇಗೆ ಹಿಡಿಯೋದು, ಮಾಡಿನ ಸಂದಿಗೆ ಪುಟ್ಟಿಯಂಥ ಮೆತ್ತು ಹೇಗೆ ತುಂಬೋದು ಅಂತ ತೋರಿಸಿ ಹೋದ. ಅವನು ಹೋದಮೇಲೆ ಗ್ಲೆನಿಸ್ ಒಬ್ಬಳೇ ಕೂತು ಮೆತ್ತು ಬಳಿದಳು. ಬೆಣ್ಣೆ ಹಚ್ಚಿದ ಹಾಗೆ ಗುಡ್ಡೆಗುಡ್ಡೆಯಾಯಿತು. ಬೇಜಾರಾಗಿ ಬೀಗ ಹಾಕಿ ಬಂದಳು.

ಬೆಳಿಗ್ಗೆ ನೋಡಿದರೆ ಮಾಡು ಮೊಟ್ಟೆಯ ಹಾಗೆ ನುಣ್ಣಗಿದೆ. ಸಂದು ಎಲ್ಲಿತ್ತು ಅಂತಲೂ ತಿಳಿಯುತ್ತಿಲ್ಲ. ಮೇಜಿನ ಮೇಲೆ ಹೊಸ ಪುಡಿ, ಒಂದು ಕಡೆಗೆ ಊದಿ ಹಾರಿಸಿದ್ದು. ಮೇಜಿನ ದೀಪದ ಕತ್ತು ಎಡಗಡೆಗೆ ಬಾಗಿತ್ತು. ಲೈಲ್ ಎಡಚ.

ಬ್ರೂನೋಗೆ ಫೋನು ಮಾಡಿ, ರಾತ್ರಿ ಬಂದಿದ್ಯಾ ಅಂತ ಕೇಳಿದಳು. ತನ್ನ ಮನೆ ಸೂರಿನ ಮಳೆನೀರಿನ ದೋಣಿಯಲ್ಲಿ ಗಿಡ ಬೆಳೆದಿದೆ, ಅದನ್ನ ಕೀಳೋಕೇ ಪುರುಸೊತ್ತಿಲ್ಲ, ನಿನ್ನ ಶೆಡ್ಡಿಗೆ ಯಾಕೆ ಬರಲಿ ಅಂದ. ಅವಳು ಸುಮ್ಮನೆ ಕೇಳಿದೆ ಅಂತ ಇಟ್ಟುಬಿಟ್ಟಳು. ಮಿಕ್ಕದ್ದು ಹೇಳಲಿಲ್ಲ.

ಆ ರಾತ್ರಿ ಅಡುಗೆಮನೆ ದೀಪ ಆರಿಸಿ ಕಿಟಕಿ ಹತ್ತಿರ ಕೂತಳು. ಹತ್ತು ಗಂಟೆ ಆಯಿತು. ಶೆಡ್ಡಿನಲ್ಲಿ ಬೆಳಕಿಲ್ಲ. ಆದರೆ ಸದ್ದಿದೆ. ಇಕ್ಕಳದಿಂದ ಪ್ಲಾಸ್ಟಿಕ್ ಕತ್ತರಿಸುವ ಟಿಕ್... ಸರ್... ಸರ್... ಸರ್... ಫೂ. ಸ್ಟೂಲು ಹಿಂದೆ ಸರಿದದ್ದು, ಕ್ರೀಕ್. ಎದ್ದು ಹೋಗಿ ಬಾಗಿಲು ತೆಗೆದಳು. ತೆಗೆದ ಕೂಡಲೇ ನಿಂತುಹೋಯಿತು. ಯಾರೂ ಇಲ್ಲ. ಬಣ್ಣ ತೆಳುಮಾಡುವ ಥಿನ್ನರ್ ವಾಸನೆ ಮಾತ್ರ, ಈಗಷ್ಟೇ ಮುಚ್ಚಳ ತೆಗೆದ ಹಾಗೆ.

ಆಮೇಲೆ ಅವಳು ಬಾಗಿಲು ತೆಗೆಯಲಿಲ್ಲ. ತೆಗೆದರೆ ನಿಲ್ಲುತ್ತೆ ಅಂತ ಗೊತ್ತಾಯಿತಲ್ಲ. ಕಿಟಕಿ ಹತ್ತಿರವೇ ಕೂರುತ್ತಿದ್ದಳು.

ಹೆದರಿಕೆ ಆಗಲಿಲ್ವೇ ಅಂತ ನಾನು ಕೇಳಿದ್ದೆ. ಗಂಡ ಶೆಡ್ಡಲ್ಲಿದ್ರೆ ಯಾರಾದ್ರೂ ಹೆದರ್ತಾರಾ ಅಂದಳು.

ಹಗಲು ಅವಳು ಮಾಡೋದು, ರಾತ್ರಿ ಅವನು ತಿದ್ದೋದು. ಮೂರು ವಾರದಲ್ಲಿ ಹಳದಿ ಬಣ್ಣ ಬಂತು. ಬಂಪರು ಕೂತಿತು. ಒಂದು ದಿನ ಬೆಳಿಗ್ಗೆ ಅವಳು ಅದನ್ನ ಕೈಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಕನ್ನಡಿಯ ಹಾಗಿತ್ತು. ಸ್ಟ್ರೀಕಿ ಕೊಲ್ಲಿಯ ದಾರಿಯಲ್ಲಿ ನಿಂತ ಅದೇ ಗಾಡಿ. ಇನ್ನು ಉಳಿದದ್ದು ಎಡಗಡೆ ಬಾಗಿಲೊಂದೇ.

ಆಗ ಅವಳಿಗೆ ಹೊಳೆಯಿತು. ಬಾಗಿಲು ಕೂತರೆ ಗಾಡಿ ಮುಗಿಯಿತು. ಗಾಡಿ ಮುಗಿದರೆ... ಅವನು ಯಾತಕ್ಕೆ ಬರಬೇಕು?

ಆಮೇಲೆ ಹೆಬ್ಬೆರಳನ್ನ ಹಸಿ ಬಣ್ಣದ ಮೇಲಿಟ್ಟು ಒತ್ತಿದಳು.

ಮಾರನೇ ಬೆಳಿಗ್ಗೆ ಗುರುತು ಹೋಗಿತ್ತು. ಉಜ್ಜಿ, ಮತ್ತೆ ಬಣ್ಣ ಹೊಡೆದಿತ್ತು. ಅವಳು ಮತ್ತೆ ಒತ್ತಿದಳು.

ಹಾಗೇ ಶುರುವಾಯಿತು. ಒಂದು ದಿನ ಬೆರಳು. ಒಂದು ದಿನ ವೈಪರು ಮುರಿಯೋದು. ಒಂದು ದಿನ ಬಾನೆಟ್ಟಿನ ಮೇಲೆ ಥಿನ್ನರ್ ಹನಿಸೋದು. ರಾತ್ರಿ ಸರ್ ಸರ್ ಸರ್ ಫೂ. ಬೆಳಿಗ್ಗೆ ಸರಿಯಾಗಿರೋದು. ಮಂಗಳವಾರ ಹಾಲಿಗೆ ಹೋಗೋದು ಬಿಟ್ಟಳು. ಅಡಿಲೇಡಿನಲ್ಲಿದ್ದ ತಂಗಿ ಬಂದಿರು ಅಂದರೆ ಮೊಣಕಾಲು ನೋವು ಅಂದಳು. ಮಧ್ಯಾಹ್ನ ಖಾರದ ಕಡುಬಿನಂಥ ಪಾಸ್ಟಿ ಬಿಸಿ ಮಾಡಿಕೊಂಡು ಶೆಡ್ಡಿಗೇ ಒಯ್ದು, ಅವನ ಸ್ಟೂಲಿನ ಎದುರು ಕೂತು, ಬೀದಿಯಲ್ಲಿ ಏನೇನಾಯಿತು ಅಂತ ಹೇಳಿಕೊಂಡು ತಿನ್ನೋಳು. ಜುಲೈನಲ್ಲಿ ನಾನೇ ನೋಡಿದೆ, ಕಸದ ಡಬ್ಬಿ ಹೊರಗಿಡೋಕೆ ಬಂದವಳು ತುಟಿಗೆ ಬಣ್ಣ ಹಚ್ಚಿದ್ದಳು. ಸಂಕಟ ಸ್ವಲ್ಪ ಇಳೀತೇನೋ, ಪಾಪ, ಅಂದುಕೊಂಡೆ.

ಬ್ರೂನೋ ಒಂದು ಶನಿವಾರ ಬಂದು ಮಾದರಿ ಎತ್ತಿ ನೋಡಿದ. ಮಾಡಿನ ಮೇಲೆ ಆವತ್ತಿನ ಬೆರಳು ಗುರುತು ಹಾಗೇ ಇತ್ತು. ಬಣ್ಣದವನ ಕಣ್ಣು, ಸುಮ್ಮನಿರುತ್ತಾ... ಆದರೆ ಅವನು ಗಾಡಿಯನ್ನ ಮೇಜಿನ ಮೇಲಿಟ್ಟು ಟೀ ಕುಡಿದು ಹೋದ.

ಆಗಸ್ಟಿನಲ್ಲಿ ಕೆಲಸ ಕೆಡುತ್ತಾ ಬಂತು.

ಮೊದಲು ಬಣ್ಣದಲ್ಲಿ ಒಂದು ಕೂದಲು ಸಿಕ್ಕಿಕೊಂಡಿತ್ತು. ಲೈಲ್‌ನ ಕೈಯಲ್ಲಿ ಅಂಥದ್ದು ಯಾವತ್ತೂ ಆಗಿರಲಿಲ್ಲ. ಆಮೇಲೆ ಬಂಪರಿನ ಹತ್ತಿರ ಅಂಟು ಹರಿದು ಗಟ್ಟಿಯಾಗಿತ್ತು. ಆಮೇಲೆ ದೀಪದ ಗಾಜು ಓರೆ ಕೂತಿತ್ತು. ಅವಳು ಮಾಡಿದ ಹಾನಿ ಪೂರ್ತಿ ಹೋಗುತ್ತಿರಲಿಲ್ಲ. ತಿದ್ದೋಕೆ ನೋಡಿ ಅರ್ಧಕ್ಕೆ ಬಿಟ್ಟ ಹಾಗೆ.

ಸದ್ದೂ ಬದಲಾಯಿತು. ಸರ್... ಸರ್... ಅಷ್ಟೇ. ಮೂರನೇದು ಬರುತ್ತಿರಲಿಲ್ಲ. ಆಮೇಲೆ ಒಂದೇ. ಸರ್... ಅಂತ ಒಂದು ಸಲ ಉಜ್ಜಿ, ನಡುವೆ ಬಹಳ ಹೊತ್ತು ಸುಮ್ಮನೆ. ಊದೋದು ನಿಂತೇ ಹೋಯಿತು. ಊದೋಕೆ ಉಸಿರು ಬೇಕಲ್ಲ.

ಒಂದು ರಾತ್ರಿ ಕೆಮ್ಮು ಕೇಳಿಸಿತು.

ಇನ್ನೊಂದು ರಾತ್ರಿ... ಅವಳು ಕಿಟಕಿ ಹತ್ತಿರ ಕೂತಿದ್ದವಳು ಎದ್ದು ನಿಂತುಬಿಟ್ಟಳಂತೆ. ಶೆಡ್ಡಿನಿಂದ ಗುಂಯ್... ಪುಸ್... ಗುಂಯ್... ಪುಸ್... ಆಮ್ಲಜನಕದ ಯಂತ್ರ. ಕೊನೆಯ ಏಳು ತಿಂಗಳು ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಓಡುತ್ತಿದ್ದದ್ದು. ಲೈಲ್ ಹೋದ ಎರಡನೇ ದಿನವೇ ಒಬ್ಬ ಬಂದು ಅದನ್ನ ಗಾಡಿಗೆ ಹಾಕಿಕೊಂಡು ಹೋಗಿದ್ದ. ಆ ರಸೀತಿ ಇನ್ನೂ ಅವಳ ಫ್ರಿಜ್ಜಿನ ಬಾಗಿಲ ಮೇಲಿತ್ತು.

ಹೊರಗೆ ಓಡಿದಳು. ಚಪ್ಪಲಿ ಹಾಕಲಿಲ್ಲ. ನಮ್ಮಲ್ಲಿ ಆಗಸ್ಟ್ ಅಂದರೆ ಚಳಿಗಾಲ, ಹುಲ್ಲಿನ ಮೇಲೆ ಮಂಜು ಬಿದ್ದು ಗಾಜಿನ ಹಾಗೆ ಕೊರೆಯುತ್ತಿತ್ತು. ಬಾಗಿಲು ತೆಗೆಯಲಿಲ್ಲ. ಹಲಗೆಗೆ ಹಣೆ ಒತ್ತಿ ನಿಂತಳು.

"ಲೈಲ್... ಸಾಕು ಬಾ. ಮಲಕ್ಕೋ."

ಗುಂಯ್... ಪುಸ್...

"ಬಾಗಿಲು... ಕೂರ್ಸಿಲ್ಲ ಕಣೇ... ಇನ್ನೂ."

ಒಳಗಿನಿಂದ ಬಂದ ಮಾತು. ಅವನದೇ. ಎರಡು ಮಾತಿಗೊಂದು ಉಸಿರು, ಮಾರ್ಚ್‌ನಲ್ಲಿ ಹೇಗಿತ್ತೋ ಹಾಗೇ.

"ನಾಳೆ ಆದ್ರೆ ಆಯ್ತು" ಅಂದಳು.

"ದಿನಾ... ಏನೋ ಒಂದು ಕೆಟ್ಟಿರತ್ತೆ. ಬಾಗ್ಲಿಗೆ ಬರಕ್ಕೇ... ಆಗ್ತಿಲ್ಲ." ಪುಸ್. "ನನ್ ಕೈಯೇ... ಸರಿಯಿಲ್ಲ ಅನ್ಸತ್ತೆ ಗ್ಲೆನ್."

ಹೇಳಬೇಕಾದ ಮಾತು ಒಂದೇ ಒಂದು. ಹೊರಗೆ ಬಂದದ್ದು ಬೇರೆ.

"ನಿನ್ ಕೈ ಚೆನ್ನಾಗೇ ಇದೆ. ಬಾಗ್ಲು ನಾನು ಕೂರಿಸ್ತೀನಿ."

"ನಿನ್ ಕೈಲಾಗಲ್ಲ."

"ಆಗತ್ತೆ."

ಗುಂಯ್... ಪುಸ್...

"ಮೇಲಿನ ಕೀಲು ಮೊದ್ಲು... ಅಂಚು ಕೆರೀಬೇಡ." ಪುಸ್. "ಕಾಲಿಗೆ... ಏನಾದ್ರೂ ಹಾಕ್ಕೊಂಡಿದ್ಯಾ?"

"ಹಾಕ್ಕೊಂಡಿದೀನಿ" ಅಂದಳು.

ಬೆಳಕು ಹರಿಯುವವರೆಗೆ ಅಲ್ಲೇ ನಿಂತಿದ್ದಳು. ಯಂತ್ರದ ಸದ್ದು ಯಾವಾಗ ನಿಂತಿತು ಅಂತ ಅವಳಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಏಳಕ್ಕೇ ಬ್ರೂನೋನ ಮನೆ ಬಾಗಿಲು ತಟ್ಟಿದಳು. ಅಡುಗೆಮನೆಯಲ್ಲಿ ಕೂರಿಸಿ, ಅವನು ಕಾಫಿ ಮುಂದಿಟ್ಟ. ಎಲ್ಲಾ ಅವಳೇ ಹೇಳಿದಳು. ಮರದ ಕೆಳಗಿನದು, ಮಾಡು ನುಣ್ಣಗಾದದ್ದು, ಬೆರಳು ಒತ್ತಿದ್ದು. ಬ್ರೂನೋ ನಗಲಿಲ್ಲ. ಬೆರಳು ಗುರುತು ಯಾರದು ಅಂತ ತನಗೆ ಆವತ್ತೇ ಗೊತ್ತಾಗಿತ್ತು, ಲೈಲ್‌ನ ಹೆಬ್ಬೆರಳು ಅದರ ಎರಡರಷ್ಟು ಅಗಲ, ದುಃಖದಲ್ಲಿ ಏನೋ ಮಾಡ್ತಿದಾಳೆ, ತಾನಾಗಿ ಹೇಳಲಿ ಅಂತ ಸುಮ್ಮನಿದ್ದೆ ಅಂದ.

"ಅವನು ತನ್ನ ಕೈಯೇ ಸರಿಯಿಲ್ಲ ಅಂದ ಬ್ರೂನೋ" ಅಂದಳು. "ನಾನೇ ಕೆಡಿಸ್ತಿದ್ದಿದ್ದು ಅಂತ ಹೇಳಲಿಲ್ಲ. ಬಾಯಿ ಬರಲಿಲ್ಲ."

ಬ್ರೂನೋ ಎದ್ದು ಕೋಟು ಹಾಕಿಕೊಂಡ. ಇಬ್ಬರೂ ಬಂದರು. ಬಾಗಿಲು ಬೇಕಾದರೆ ನಾನು ಕೂರಿಸ್ತೀನಿ ಅಂತ ಅವನು ಹೇಳಿದ. ಬೇಡ ಅಂದಳು. ಅಡುಗೆಮನೆಯಲ್ಲಿ ಇರು, ನೀರು ಕಾಯ್ತಿರಲಿ, ಕರೆದರೆ ಮಾತ್ರ ಬಾ ಅಂದಳು.

ಮೊದಲು ಕೆಟ್ಟದ್ದೆಲ್ಲ ಸರಿಮಾಡಬೇಕಿತ್ತು. ಅದಕ್ಕೇ ಎರಡು ದಿನ ಹಿಡಿಯಿತು. ಆ ಎರಡು ರಾತ್ರಿ ಶೆಡ್ಡಿನಿಂದ ಸದ್ದಿಲ್ಲ. ಕೂದಲು ತೆಗೆದಳು. ಅಂಟು ಕೆತ್ತಿದಳು. ಮಾಡಿಗೆ ಬಣ್ಣ ತಾನೇ ಹೊಡೆದಳು, ಅಷ್ಟು ದಿನ ನೋಡಿದ್ದಕ್ಕೋ ಏನೋ ಸುಮಾರಾಗಿಯೇ ಬಂತು. ಮೂರನೇ ದಿನ ಬಾಗಿಲು, ಆವತ್ತೂ ಬ್ರೂನೋ ಅಡುಗೆಮನೆಯಲ್ಲಿ ಕಾಯುತ್ತಿದ್ದ. ಬೆರಳ ತುದಿಯಷ್ಟು ಹಳದಿ ಚೂರು. ಕೀಲಿನ ತೂತು ಕಣ್ಣಿಗೂ ಕಾಣದು. ಬೆಳಿಗ್ಗೆ ಒಂಬತ್ತಕ್ಕೆ ಕೂತವಳು ಮಧ್ಯಾಹ್ನ ಎರಡಾದರೂ ಏಳಲಿಲ್ಲ. ಎರಡು ಸಲ ಕೀಲು ಹಾರಿ ನೆಲಕ್ಕೆ ಬಿತ್ತು, ಮಂಡಿಯೂರಿ ಹುಡುಕಿದಳು. ಕೆಳಗಿನ ಕೀಲಿನಿಂದ ಶುರುಮಾಡಿ ಮೂರು ಸಲ ತಪ್ಪಿದಳು. ಆಮೇಲೆ ಅವನ ಮಾತು ಕೇಳಿ ಮೇಲಿನದು ಮೊದಲು ಹಾಕಿದಳು. ಅಂಚು ಕೆರೆಯಲಿಲ್ಲ.

ಕೂತಿತು.

ಒಂದು ಬೆರಳಲ್ಲಿ ತಳ್ಳಿದಳು. ಟಿಕ್. ಒಂದೇ ಸಲಕ್ಕೆ ಹಾಕಿಕೊಂಡಿತು.

ಕರೆಯದಿದ್ದರೂ ಬ್ರೂನೋ ಶೆಡ್ಡಿನೊಳಗೆ ಬಂದಾಗ ಅವಳು ಮೇಜಿನ ಮೇಲೆ ತಲೆ ಇಟ್ಟಿದ್ದಳು. ಅವನು ಭುಜದ ಮೇಲೆ ಕೈ ಇಟ್ಟ. ಆಮೇಲೆ ಟೀ ಆರಿಹೋಯ್ತು ಅಂದನಂತೆ.

ಆ ರಾತ್ರಿ ಕಿಟಕಿ ಹತ್ತಿರ ಕೂತಳು. ಹತ್ತು ಆಯಿತು. ಹನ್ನೊಂದಾಯಿತು. ತಗಡಿನ ಮಾಡಿನ ಮೇಲೆ ಒಂದು ಪೊಸ್ಸಮ್, ಬೆಕ್ಕಿನಷ್ಟಿರುವ ಮರದ ಪ್ರಾಣಿ, ಓಡಿದ ಸದ್ದು, ಧಡ ಧಡ. ಅಷ್ಟೇ. ಮಾರನೇ ರಾತ್ರಿಯೂ ಇಲ್ಲ. ವಾರ ಆಯಿತು.

ಅವನಿಗೆ ನಿದ್ದೆ ಬಂತಲ್ಲ, ಅದೇ ಸಮಾಧಾನ ಅಂತ ಕತೆ ಇಲ್ಲಿಗೆ ಬಂದಾಗ ಅವಳು ಹೇಳುತ್ತಾಳೆ ಅಂತ ಕೇಳುತ್ತಿದ್ದ ನಾವು ಕಾಯುತ್ತಿದ್ದೆವು. ಅವಳು ಹಾಗೆ ಹೇಳಲಿಲ್ಲ. ಹೇಳದೇ ಉಳಿದ ಆ ಒಂದು ಮಾತು ಅವಳನ್ನ ತಿನ್ನುತ್ತಿತ್ತು. ಅವನು ತನ್ನ ಕೈಯನ್ನೇ ಬೈದುಕೊಂಡು ಹೋದ. ನಲವತ್ತೆರಡು ವರ್ಷದಲ್ಲಿ ಅವನ ಹತ್ತಿರ ಹೆಮ್ಮೆ ಪಡುವಂಥದ್ದು ಇದ್ದದ್ದು ಆ ಎರಡು ಕೈ ಮಾತ್ರ.

ಹತ್ತನೇ ರಾತ್ರಿ ಅವಳು ಎದ್ದು ಶೆಡ್ಡಿಗೆ ಹೋದಳು. ದೀಪ ಹಾಕಲಿಲ್ಲ. ಬೀಗದ ಕೈಯ ಮೊನೆಯಿಂದ ಬಾನೆಟ್ಟಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಬಣ್ಣ ಕಿತ್ತು ಬೂದು ಕಾಣುವ ಹಾಗೆ. ಆಮೇಲೆ ಹೊರಗೆ ಬಂದು, ಬಾಗಿಲು ಹಾಕಿ, ಹಲಗೆಗೆ ಹಣೆ ಒತ್ತಿದಳು.

"ಲೈಲ್... ನಾನೇ ಕಣೋ ದಿನಾ ಕೆಡಿಸ್ತಿದ್ದಿದ್ದು. ನಿನ್ ಕೈ ಅಲ್ಲ. ನೀನು ಬರ್ಲಿ ಅಂತ ನಾನೇ..."

ಕಾದಳು.

"ನಿನ್ ಕೈ ಅಲ್ಲ, ಕೇಳ್ತಾ?"

ಸರ್ ಅನ್ನಲಿಲ್ಲ. ಪುಸ್ ಅನ್ನಲಿಲ್ಲ. ಬೆಳಿಗ್ಗೆ ನೋಡಿದರೆ ಗೆರೆ ಹಾಗೇ ಇತ್ತು. ಅದರ ಮಾರನೇ ಬೆಳಿಗ್ಗೆಯೂ ಹಾಗೇ ಇತ್ತು.

ಅಕ್ಟೋಬರಿನಲ್ಲಿ ಹಾಲಿನಲ್ಲಿ ಪ್ರದರ್ಶನ. ಬ್ರೂನೋ ಬಲವಂತ ಮಾಡಿ ಆ ಗಾಡಿಯನ್ನೂ ಇಡಿಸಿದ. ಗೆರೆ ತಾನು ಅರ್ಧ ಗಂಟೆಯಲ್ಲಿ ತೆಗೆದುಕೊಡ್ತೀನಿ ಅಂದ. ಮುಟ್ಟಬೇಡ ಅಂದಳು. ನೋಡೋಕೆ ಬಂದವರು ಬಾಗಿಲು ಚೆನ್ನಾಗಿ ಕೂತಿದೆ, ಬಾನೆಟ್ ಯಾಕೆ ಹೀಗೆ ಅಂದರು. ಬಹುಮಾನ ಬೇರೆ ಯಾರಿಗೋ ಹೋಯಿತು.

ಈಗ ಗ್ಲೆನಿಸ್ ಮಂಗಳವಾರ ಹಾಲಿಗೆ ಹೋಗುತ್ತಾಳೆ. ಬೇರೆಯವರ ಕಾರಿಗೆ ಬಾಗಿಲು ಕೂರಿಸಿಕೊಡುತ್ತಾಳೆ, ಆ ಕೆಲಸದಲ್ಲಿ ಅವಳದು ಎತ್ತಿದ ಕೈ ಅಂತ ಎಲ್ಲರೂ ಒಪ್ಪುತ್ತಾರೆ. ಹೊಗಳಿದರೆ ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಾಳೆ.

ಆ ಹಳದಿ ವ್ಯಾನು ಅವಳ ಅಡುಗೆಮನೆ ಕಿಟಕಿಯ ಕಟ್ಟೆ ಮೇಲಿದೆ. ಹೋದ ಜುಲೈನಲ್ಲಿ, ಅಂದರೆ ಆ ಪ್ರದರ್ಶನದ ಮಾರನೇ ವರ್ಷ, ನಾನು ಬೆಳಿಗ್ಗೆ ಏಳಕ್ಕೆ ನಿಂಬೆಹಣ್ಣು ಕೊಡೋಕೆ ಹೋಗಿದ್ದೆ. ಅವಳು ಏನೂ ಹೇಳದೆ ನನ್ನ ತೋಳು ಹಿಡಿದು ಅದರ ಹತ್ತಿರ ನಿಲ್ಲಿಸಿದಳು. ಬಲಗಡೆ ಕಿಟಕಿ, ಚಾಲಕ ಕೂರುವ ಕಡೆಯದು, ಚಳಿಯ ಬೆಳಿಗ್ಗೆ ಗಾಡಿಯೊಳಗೆ ಯಾರೋ ಕೂತು ಉಸಿರುಬಿಟ್ಟ ಹಾಗೆ ಬೆಳ್ಳಗೆ ಮಬ್ಬಾಗಿತ್ತು. ಬೇರೆ ಗಾಜೆಲ್ಲ ತಿಳಿಯಾಗಿತ್ತು. ಅಂಟಿನ ಆವಿ ಕೂತರೆ ಹಾಗೆ ಪೊರೆ ಕಟ್ಟುತ್ತೆ ಅಂತ ಸ್ಕೌಟ್ ಹಾಲಿನ ಗೆಳೆಯರು ಹೇಳುತ್ತಾರೆ, ನಿಜ. ಆದರೆ ಆ ಪೊರೆ ಒಮ್ಮೆ ಕಟ್ಟಿದರೆ ಹೋಗೋದಿಲ್ಲ, ಅದೂ ಅವರೇ ಹೇಳೋದು. ನಾನು ಬೆರಳಿಂದ ಒರೆಸಿದೆ. ಹೋಗಲಿಲ್ಲ. ಮಬ್ಬು ಒಳಗಡೆ ಇತ್ತು. ಟೀ ಕುಡಿಯುತ್ತಾ ಅಲ್ಲೇ ಕೂತೆ, ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂಬತ್ತು ಗಂಟೆ ಹೊತ್ತಿಗೆ ಅಂಚಿನಿಂದ ನಿಧಾನಕ್ಕೆ ಕರಗಿ ಗಾಜು ತಿಳಿಯಾಯಿತು. ನಾನು ನೋಡಿದ್ದು ಇದು. ಒಂದಕ್ಷರ ಸೇರಿಸಿಲ್ಲ.